ಉತ್ತರನ ಪರವಾಗಿ

ಟ್ಯಾಂಕರ್ ನೀರಿನ ಲೆಕ್ಕ ಕೇಳಿಯೇ ಕೇಳುತ್ತೇನೆ ಎಂದು ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಗುಡುಗಿದ್ದ ಹುಡುಗ ಮೀಟಿಂಗಿನಲ್ಲಿ ತುಟಿ ಪಿಟಕ್ ಎನ್ನಲಿಲ್ಲ. ಹಿಂದಿನಿಂದ ಯಾರೋ "ಉತ್ತರಕುಮಾರ!" ಅಂದರು. ಎಲ್ಲರೂ ಗೊಳ್ಳೆಂದು ನಕ್ಕರು. ನನಗೆ ಮೈ ಉರಿಯಿತು. ನಕ್ಕವರು ಅವತ್ತು ಬಾಯಿ ತೆರೆದದ್ದು ಬೋಂಡಾ ತಿನ್ನುವುದಕ್ಕೆ ಮಾತ್ರ.

ಉತ್ತರನ ಪೌರುಷ ಒಲೆ ಮುಂದೆ ಅಂತ ಗಾದೆ ಮಾಡಿಟ್ಟು ಅವನ ಕಥೆ ಮುಗಿಸಿಬಿಟ್ಟಿದ್ದೇವೆ. ಕುಮಾರವ್ಯಾಸನಂತೂ ಅವನನ್ನು ಓಡಿಸಿದ್ದೇ ಓಡಿಸಿದ್ದು. ಮಳೆ ಬರಲಿ ಅಂತ ವಿರಾಟಪರ್ವ ಓದಿಸುವ ಕಡೆ ಜನ ಹೊಟ್ಟೆ ಹಿಡಿದುಕೊಂಡು ನಗುವುದು ಅಲ್ಲೇ. ನಗಲಿ, ಹೆಂಗಸರ ಮುಂದೆ ಕೊಚ್ಚಿಕೊಂಡದ್ದು ನಿಜ. ಆದರೆ ಎದುರಿಗಿದ್ದವರು ಭೀಷ್ಮ, ದ್ರೋಣ, ಕೃಪ, ಕರ್ಣ. ಅಪ್ಪ ಇದ್ದಬದ್ದ ಸೈನ್ಯ ಕಟ್ಟಿಕೊಂಡು ಸುಶರ್ಮನ ಹಿಂದೆ ಹೋಗಿದ್ದಾನೆ. ರಥದಲ್ಲಿ ಜೊತೆಗಿರುವುದು ನಾಟ್ಯದ ಮೇಷ್ಟ್ರು. ಓಡದೆ ಇನ್ನೇನು ಮಾಡಬೇಕಿತ್ತು?

ಅಲ್ಲಿಗೆ ಆಟ ಮುಗಿಯಿತು ಅನ್ನುವ ಹಾಗೆ ಜನ ಎದ್ದು ಹೋಗುತ್ತಾರೆ. ಆ ಮೇಷ್ಟ್ರು, ಅಂದರೆ ಬೃಹನ್ನಳೆ ವೇಷದ ಅರ್ಜುನ, ಜುಟ್ಟು ಹಿಡಿದು ಎಳೆದು ತಂದ ಮೇಲೆ ಇದೇ ಹುಡುಗ ಹೆಣ ಕಟ್ಟಿದ್ದಾರೆ ಎಂದು ಎಲ್ಲರೂ ಹೆದರುವ ಬನ್ನಿಮರ ಹತ್ತಿ ಆಯುಧದ ಗಂಟು ಇಳಿಸುತ್ತಾನೆ. ಅದೇ ಸೈನ್ಯದ ಎದುರಿಗೆ ರಥ ಹೊಡೆಯುತ್ತಾನೆ. ಅರ್ಜುನನ ಕೈಯಲ್ಲಾದರೂ ಗಾಂಡೀವ ಇತ್ತು. ಇವನಿಗೆ ಬರೀ ಲಗಾಮು.

ಇನ್ನೊಂದು ಪ್ರಸಂಗ ನನಗೆ ಭಾಳ ಇಷ್ಟ. ವ್ಯಾಸಭಾರತದಲ್ಲಿದೆ. ಗೊಂಬೆಗಳಿಗೆ ಬಣ್ಣದ ಬಟ್ಟೆ ತರಬೇಕು ಅಂತ ತಂಗಿ ಉತ್ತರೆ ಹೇಳಿ ಕಳಿಸಿರುತ್ತಾಳೆ. ಸಮ್ಮೋಹನಾಸ್ತ್ರಕ್ಕೆ ಕೌರವರು ಮೈಮರೆತು ಬಿದ್ದಾಗ ಅರ್ಜುನನಿಗೆ ಅದು ನೆನಪಾಗುತ್ತದೆ. ರಥ ಇಳಿಯುವವನು ಉತ್ತರನೇ. ದ್ರೋಣ, ಕೃಪರದು ಬಿಳಿ. ಕರ್ಣನದು ಹಳದಿ. ಅಶ್ವತ್ಥಾಮ, ದುರ್ಯೋಧನರದು ನೀಲಿ. ಭೀಷ್ಮನ ತಂಟೆಗೆ ಮಾತ್ರ ಹೋಗಬೇಡ, ಅವನಿಗೆ ಎಚ್ಚರ ಇದೆ, ಅಂತ ಅರ್ಜುನ ಮೊದಲೇ ಹೇಳಿರುತ್ತಾನೆ. ಭೀಷ್ಮ ಕಣ್ಣು ಬಿಟ್ಟುಕೊಂಡು ಇರುವಾಗ ಕರ್ಣನ ಮೈಮೇಲಿನ ಬಟ್ಟೆ ಎಳೆದುಕೊಳ್ಳುವುದು ಅಂದರೆ ಸುಮ್ನೆ ಮಾತಾ? ನಮ್ಮ ಬೋಂಡಾ ವೀರರು ಸೆಕ್ರೆಟರಿ ತೂಕಡಿಸುವಾಗ ಅವರ ಮುಂದಿನ ಲೆಕ್ಕದ ಪುಸ್ತಕ ಎಳೆದುಕೊಳ್ಳಲಿ ನೋಡೋಣ.

ಧೈರ್ಯದ ಬಗ್ಗೆ ಉತ್ತರನಿಂದ ಕಲಿತದ್ದು ಏನು ಅಂತ ಹೇಳುವುದಕ್ಕೇ ಇಷ್ಟೆಲ್ಲ ಪೀಠಿಕೆ. ಅವರೆಕಾಯಿ ಸುಲಿಯುತ್ತಿದ್ದ ಅತ್ತೆಯ ಮುಂದೆ ಮೊದಲು ಹೇಳಿ ನೋಡಿದೆ.

"ಅಷ್ಟೇ ಅಲ್ಲ ಅತ್ತೆ, ಕುರುಕ್ಷೇತ್ರದ ಮೊದಲನೇ ದಿನವೇ ಆನೆ ಏರಿ ಶಲ್ಯನ ಮೇಲೆ ನುಗ್ಗಿದ. ಶಲ್ಯನ ರಥದ ನಾಲ್ಕೂ ಕುದುರೆಗಳನ್ನ ಆನೆ ತುಳಿದು ಹಾಕ್ತು."

"ಆಮೇಲೆ?"

"ಶಲ್ಯ ಶಕ್ತ್ಯಾಯುಧ ಎಸೆದ. ಉತ್ತರ ಸತ್ತುಹೋದ."

ಅತ್ತೆ ಹುಳುಕು ಕಾಳೊಂದನ್ನು ಪಕ್ಕಕ್ಕೆ ಎಸೆದರು.

"ನೋಡು ಮತ್ತೆ. ಓಡಿದಾಗ ಬದುಕಿದ್ದ ಕಣೋ."