ಮನೆಯಲ್ಲೇ ಕೂತು ನರ್ಸಿಂಗ್ ಎಂ.ಎಸ್ಸಿ!

ಹಾಸನದಲ್ಲಿ ಈಗ ನರ್ಸ್‌ಗಳ ಫೋನ್ ರಿಂಗಾದರೆ ಒಂದೋ ವಾರ್ಡಿನವರು, ಇಲ್ಲವೇ ‘ಎಜುಕೇಷನ್ ಕೌನ್ಸೆಲರ್’. ವಾರ್ಡಿನವರು ಕರೆದು ಸುಮ್ಮನಾಗುತ್ತಾರೆ. ಕೌನ್ಸೆಲರ್ ಬಿಡುವ ಆಸಾಮಿಯಲ್ಲ.

ನಮ್ಮ ಅಕ್ಕನ ಮಗಳು ಇಲ್ಲೇ ಸ್ಟಾಫ್ ನರ್ಸ್. ಎಂ.ಎಸ್ಸಿ ಆದರೆ ಕಾಲೇಜಿನಲ್ಲಿ ಪಾಠ ಹೇಳಬಹುದು, ನೈಟ್ ಡ್ಯೂಟಿ ತಪ್ಪುತ್ತೆ ಅಂತ ಆಸೆ. ಸುಮ್ನೆ ಮೊಬೈಲಲ್ಲಿ ಹುಡುಕಿದಳು. ಅವತ್ತಿನಿಂದ ಶುರು.

“ಕಾಲೇಜಿಗೆ ಬರೋದೇ ಬೇಡ ಮೇಡಂ. ಎಲ್ಲಾ ಆನ್‌ಲೈನ್.”

“ಬಿ.ಎಸ್ಸಿಯಲ್ಲಿ 55 ಪರ್ಸೆಂಟ್ ಇರಬೇಕಲ್ವಾ?”

“ನೋಡ್ಕೊಳ್ಳೋಣ ಮೇಡಂ.”

“ಕ್ಲಿನಿಕಲ್ ಪೋಸ್ಟಿಂಗ್?”

“ಅಡ್ಜಸ್ಟ್ ಮಾಡ್ಕೊಡ್ತೀವಿ.”

ಎರಡು ವರ್ಷದ ವಾರ್ಡು, ಕೇಸ್ ಸ್ಟಡಿ, ಡಿಸರ್ಟೇಷನ್ ಎಲ್ಲವೂ ಆ ಒಂದು ‘ಅಡ್ಜಸ್ಟ್’ನಲ್ಲಿ ಮುಗಿದವು. ಹೆರಿಗೆ ವಿಭಾಗ ತಗೊಂಡರೂ ಅಷ್ಟೇ, ವಿಡಿಯೋದಲ್ಲೇ ಕಲಿಯಬಹುದಂತೆ. ಸಕಲೇಶಪುರದ ಕಡೆಯವರು ಮಾತ್ರ ಹುಷಾರಾಗಿರಬೇಕು. ಮಳೆಗಾಲದಲ್ಲಿ ನೆಟ್‌ವರ್ಕ್ ಹೋದರೆ ಮಗು ಅರ್ಧಕ್ಕೇ ನಿಂತೀತು.

ವಿಶ್ವವಿದ್ಯಾಲಯಗಳ ಮೇಲೆ ಕಣ್ಣಿಡುವ ಯುಜಿಸಿಯ 2020ರ ನಿಯಮದಲ್ಲಿ ನರ್ಸಿಂಗನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಕೊಡುವಂತಿಲ್ಲ ಅಂತ ಸ್ಪಷ್ಟವಾಗಿಯೇ ಇದೆ. ಇವರು ವಾಟ್ಸಾಪಿನಲ್ಲಿ ಕಳಿಸಿದ ಪೋಸ್ಟರಿನಲ್ಲಿ ‘ಯುಜಿಸಿ ಅಪ್ರೂವ್ಡ್’ ಅಂತ ಅದಕ್ಕಿಂತ ದಪ್ಪ ಅಕ್ಷರದಲ್ಲಿದೆ. ಪಕ್ಕದಲ್ಲಿ ಐಎಸ್ಒ ಮುದ್ರೆ ಬೇರೆ. ನಮ್ಮ ಬೀದಿಯ ಬೇಕರಿಯಲ್ಲೂ ಒಂದು ಐಎಸ್ಒ ಇದೆ. ಪಾಪ, ಅವರು ಪಫ್ಸ್ ಮಾತ್ರ ಮಾರುತ್ತಾರೆ.

“ಅಮೆರಿಕದಲ್ಲೇ ಆನ್‌ಲೈನ್ ಇದೆ ಮೇಡಂ!” ಇದು ಕೌನ್ಸೆಲರ್‌ನ ಬ್ರಹ್ಮಾಸ್ತ್ರ. ಇದೆ, ಸುಳ್ಳಲ್ಲ. ಆದರೆ ಅಲ್ಲಿ ಆನ್‌ಲೈನ್ ಆಗಿರುವುದು ಪಾಠ. ನರ್ಸ್ ಪ್ರಾಕ್ಟೀಷನರ್, ಅಂದರೆ ರೋಗಿಯನ್ನು ಪರೀಕ್ಷಿಸಿ ಔಷಧಿ ಬರೆಯುವ ನರ್ಸ್, ಆಗಬೇಕಾದರೆ ನೂರಾರು ಗಂಟೆ ಅನುಭವಿಗಳ ಕೈಕೆಳಗೆ ನಿಂತು ರೋಗಿಗಳನ್ನು ನೋಡಲೇಬೇಕು. ಎಷ್ಟೋ ಕಡೆ ಹಾಗೆ ಹೇಳಿಕೊಡುವವರನ್ನೂ ವಿದ್ಯಾರ್ಥಿಯೇ ಹುಡುಕಿಕೊಳ್ಳಬೇಕು. ಹಾಗಾಗಿ ಅಲ್ಲಿನವರು ಕೋರ್ಸ್ ಆರಿಸುವಾಗ ಮಾನ್ಯತೆ ಇದೆಯಾ, ಕ್ಲಿನಿಕಲ್‌ಗೆ ಜಾಗ ಯಾರು ಕೊಡಿಸ್ತಾರೆ ಅಂತ ಕೇಳುತ್ತಾರೆ. ನಾವು ಕೇಳೋದು ಲ್ಯಾಪ್‌ಟಾಪ್ ಫ್ರೀನಾ, ಇಎಂಐ ಎಷ್ಟು ಅಂತ.

ನಮ್ಮಲ್ಲಿ ಈ ವಿದ್ಯೆ ಹೊಸದೇನಲ್ಲ ಬಿಡಿ. ಇಂಟರ್ನೆಟ್ಟಿಗೆ ಮುಂಚೆಯೇ ‘ನಾನ್ ಅಟೆಂಡಿಂಗ್’ ಅಂತ ಒಂದಿತ್ತು, ಈಗಲೂ ಇದೆ. ಅಲ್ಲಿ ವಿದ್ಯಾರ್ಥಿ ನಮ್ಮ ಹಾಸನಾಂಬೆ ಇದ್ದ ಹಾಗೆ. ವರ್ಷಕ್ಕೊಮ್ಮೆ ಪರೀಕ್ಷೆ ಹೊತ್ತಿಗೆ ದರ್ಶನ, ಆಮೇಲೆ ಬಾಗಿಲು ಬಂದ್. ಹಾಜರಿ ಪುಸ್ತಕದಲ್ಲಿ ಮಾತ್ರ ನಿತ್ಯಪೂಜೆ.

ಹುಡುಗಿ ಕೊನೆಗೆ ಕೇಳಿದಳು, “ಈ ಡಿಗ್ರೀನ ಕರ್ನಾಟಕ ನರ್ಸಿಂಗ್ ಕೌನ್ಸಿಲ್‌ನಲ್ಲಿ ರಿಜಿಸ್ಟರ್ ಮಾಡ್ಕೊಳ್ತಾರಾ?”

“ಅದು ನಿಮ್ಮ ಜವಾಬ್ದಾರಿ ಮೇಡಂ. ಸರ್ಟಿಫಿಕೇಟ್ ಮನೆಗೆ ಮುಟ್ಟಿಸೋದು ನಮ್ಮದು. ಕೊರಿಯರ್ ಫ್ರೀ.”

“ಸರಿ, ಫೀಸು ಫೋನ್‌ಪೇ ಮಾಡ್ಲಾ?”

“ಅಯ್ಯೋ ಬೇಡ ಮೇಡಂ, ಆನ್‌ಲೈನ್ ತಗೊಳ್ಳಲ್ಲ. ಅದೊಂದಕ್ಕೆ ನೀವೇ ಬರಬೇಕು. ಕ್ಯಾಶ್.”