ಆರು ಜನಕ್ಕೆ ಸಾಲುವ ಕೋಳಿ

"ಕಾವೇರೀ... ಕಾವೇರೀ..." ಅಂತ ಯಾರೋ ಕೂಗಿದ ಹಾಗಾಯ್ತು. ಹೋದ ಚಳಿಗಾಲದ ಒಂದು ಬೆಳಗ್ಗೆ. ಪುಣೆಯಿಂದ ದಿವೇ ಘಾಟ್ ಹತ್ತಿ ಸಾಸವಡದ ಕಡೆ ಬಂದರೆ ನಮ್ಮ ಮನೆ. ಈ ಸೀಮೆಗೆ ಬಂದು 19 ವರ್ಷ ಆಯ್ತು, ಯಾರೂ ಬೀದಿಯಲ್ಲಿ ಆ ಹೆಸರು ಕೂಗಿದ್ದು ಕೇಳಿರಲಿಲ್ಲ. ಪೇಪರ್ ಬಿಸಾಕಿ ಓಡಿಹೋಗಿ ನೋಡಿದರೆ, ಬೈಕಿನ ಹಿಂದೆ ತೂತು ತೂತಿನ ರಟ್ಟಿನ ಡಬ್ಬ ಕಟ್ಟಿಕೊಂಡ ಒಬ್ಬ ಹುಡುಗ. ಡಬ್ಬದೊಳಗೆಲ್ಲ ಚಿಯ್ ಚಿಯ್.

"ಕೋಳಿ ಮರಿ ಅಣ್ಣಾ. ಕಾವೇರಿ ಜಾತಿ. ನಿಮ್ಮ ಬೆಂಗಳೂರಿನದೇ!" ಅಂದ ಮರಾಠಿಯಲ್ಲಿ.

ಇಲ್ಲಿ ದಕ್ಷಿಣದವರೆಲ್ಲ ಅಣ್ಣಾಗಳೇ, ಅದಕ್ಕೆ ನಾನು ಬೇಜಾರು ಮಾಡಿಕೊಳ್ಳೋದು ಬಿಟ್ಟು ತುಂಬಾ ದಿನ ಆಯ್ತು. ಆದರೆ ಅವನು ಹೇಳಿದ್ದು ನಿಜ. ಹೆಸರಘಟ್ಟದಲ್ಲಿರುವ ಕೇಂದ್ರ ಸರ್ಕಾರದ ಕೋಳಿ ಸಾಕಣೆ ಸಂಸ್ಥೆ ಹಿತ್ತಲಿಗೆ ಅಂತಲೇ ಮಾಡಿದ ತಳಿ ಅದು. ಮದ್ದೂರು ಸೀಮೆಯಲ್ಲಿ ಹುಟ್ಟಿ, ಬೆಂಗಳೂರಲ್ಲಿ ಓದಿದ ನನಗೆ ಇದು ಗೊತ್ತಿರಲಿಲ್ಲ. ಸಾಸವಡದ ಹುಡುಗನಿಗೆ ಗೊತ್ತಿತ್ತು. ಖುಷಿಯಲ್ಲಿ 20 ಮರಿ ತಗೊಂಡೆ, ಒಂದಕ್ಕೆ 45 ರೂಪಾಯಿ. ಹೆಂಡತಿ ಮುಖ ನೋಡಲಿಲ್ಲ.

ಖುಷಿ ಒಂದು ಗಂಟೆ ಇತ್ತು. ಪಕ್ಕದ ಮನೆ ಕಾಕೂ ಕಾಂಪೌಂಡಿನ ಮೇಲೆ ಮೊಣಕೈ ಊರಿ ಮರಿಗಳನ್ನು ನೋಡಿದರು. ಅವರೂ ಕೋಳಿ ಸಾಕುತ್ತಾರೆ, ಮೂವತ್ತು ನಲವತ್ತು ಯಾವಾಗಲೂ ಇರುತ್ತವೆ. "ನಿಮ್ಮೂರಲ್ಲಿ ಯಾವ ಜಾತಿ ಸಾಕ್ತೀರಿ?" ಅಂತ ಕೇಳಿದರು.

"ನಾಟಿ. ಅಂದ್ರೆ ಗಾವರಾನ್," ಅಂದೆ, ಎದೆ ಉಬ್ಬಿಸಿಕೊಂಡು.

"ಗಾವರಾನ್ ಎಲ್ಲರ ಊರಲ್ಲೂ ಇರುತ್ತೆ. ನಿಮ್ಮದು ಯಾವುದು? ಒಂದು ಕಿಲೋಗೆ ಎಷ್ಟು ವಾರ ತಗೊಳ್ಳುತ್ತೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸಂಜೆ ಊರಿಗೆ ಫೋನ್ ಮಾಡಿ ನಮ್ಮ ಯಾಟೆ, ಅಂದ್ರೆ ಹೆಣ್ಣು ಕೋಳಿ, ತೂಕ ಕೇಳಿದೆ. "ಅಮ್ಮ, ನಮ್ಮ ಕೆಂಪು ಯಾಟೆ ಎಷ್ಟು ತೂಕ ಬರುತ್ತೆ?"

"ಆರು ಜನಕ್ಕೆ ಸಾಲುತ್ತೆ ಕಣೋ."

"ತೂಕ ಅಮ್ಮ, ತೂಕ."

"ಮುದ್ದೆ ಇದ್ರೆ ಎಂಟು ಜನಕ್ಕೂ ಆಗುತ್ತೆ."

ನಮ್ಮ ಕಡೆ ಕೋಳಿ ತೂಗೋದು ನಾನಂತೂ ಚಿಕ್ಕಂದಿನಲ್ಲಿ ನೋಡಿಲ್ಲ. ರೆಕ್ಕೆ ಸೇರಿಸಿ ಹಿಡಿದು ಒಂದು ಸಲ ಮೇಲಕ್ಕೆತ್ತೋದು. ಎದೆ ಮೂಳೆ ಮೇಲೆ ಹೆಬ್ಬೆರಳು ಆಡಿಸೋದು. "ಹ್ಞೂ, ಬಲಿತಿದೆ" ಅನ್ನೋದು. ವ್ಯಾಪಾರ ಮುಗೀತು. ಯಾವಾಗ ಹುಟ್ಟಿತು ಅಂದ್ರೆ "ರಾಗಿ ಕೊಯ್ಲಿನ ಟೈಮಲ್ಲಿ", ಯಾವಾಗ ಕುಯ್ಯೋದು ಅಂದ್ರೆ "ಹೊಸತೊಡಕಿಗೆ". ಮಧ್ಯದಲ್ಲಿ ಅದು ಎಷ್ಟು ಬೆಳೆಯಿತು ಅನ್ನೋದು ಅದಕ್ಕೂ ದೇವರಿಗೂ ಬಿಟ್ಟಿದ್ದು.

ಕಾಕೂ ಹತ್ತಿರ 100 ಪೇಜಿನ ಒಂದು ಶಾಲೆ ನೋಟ್‌ಬುಕ್ ಇದೆ. ಭಾನುವಾರ ಬೆಳಗ್ಗೆ ಕೋಳಿಗಳಿಗೆ ಕಾಳು ಹಾಕುವ ಮೊದಲು, ಖಾಲಿ ಹೊಟ್ಟೆಯಲ್ಲೇ ತೂಕ. ಹಳೇ ದಿಂಬಿನ ಕವರಿನಲ್ಲಿ ಕೋಳಿಯನ್ನು ಇಳಿಸಿ, ಕೊಕ್ಕೆ ತಕ್ಕಡಿಗೆ ನೇತುಹಾಕುತ್ತಾರೆ. ಕತ್ತಲಾದ ತಕ್ಷಣ ಕೋಳಿ ಸುಮ್ಮನಾಗುತ್ತೆ, ಮುಳ್ಳು ನಿಲ್ಲುತ್ತೆ. ಕಾಲಿಗೆ ಬಣ್ಣದ ರಬ್ಬರ್ ಬ್ಯಾಂಡ್, ಕೆಂಪಾದ್ರೆ ಗಾವರಾನ್, ಹಸಿರಾದ್ರೆ ಡಿಪಿ ಕ್ರಾಸ್ ಅನ್ನೋ ಬೇಗ ಬೆಳೆಯುವ ಮಿಶ್ರ ತಳಿ. ಬ್ಯಾಂಡ್ ಬಿಗಿಯಾದ್ರೆ ಕಾಲು ಊದುತ್ತೆ ಅಂತ ಮೂರು ವಾರಕ್ಕೊಮ್ಮೆ ಬದಲಾಯಿಸ್ತಾರೆ. ಹೋದ ವಾರಕ್ಕಿಂತ ಎಷ್ಟು ಜಾಸ್ತಿ ಅನ್ನೋದಕ್ಕೆ ಬೇರೆ ಕಾಲಂ ಇದೆ. ಆ ಕಾಲಂನಲ್ಲಿ ಅಂಕಿ ಇಳಿಯೋಕೆ ಶುರುವಾದ್ರೆ ಆ ಹುಂಜಕ್ಕೆ ದಿನ ಹತ್ತಿರ ಬಂತು ಅಂತ ಅರ್ಥ.

ಇನ್ನೊಂದು ವಿಷಯ. ನಮಗೆ ಭೀಮನ ಅಮಾವಾಸ್ಯೆ ಆದ ದಿನವೇ ಇವರಿಗೆ ಗಟಾರಿ. ಮಾರನೇ ದಿನದಿಂದ ಶ್ರಾವಣ, ಆಮೇಲೆ ಗಣಪತಿ ಮುಗಿಯೋವರೆಗೂ ಎಷ್ಟೋ ಮನೆಗಳಲ್ಲಿ ಕೋಳಿ ಇಲ್ಲ. ಅದಕ್ಕೇ ಆ ಅಮಾವಾಸ್ಯೆಗೆ ಮುಂಚೆ ಕೋಳಿ ಅಂಗಡಿ ಮುಂದೆ ಜಾತ್ರೆ. ನಮ್ಮ ಹೆಂಗಸರು ಗಂಡನ ಪಾದಪೂಜೆ ಮಾಡೋ ಹೊತ್ತಿಗೆ ಇಲ್ಲಿನ ಗಂಡಸರು ರಸ್ಸಾ ಕುಡೀತಿರ್ತಾರೆ. ಕಾಕೂ ಆ ಅಮಾವಾಸ್ಯೆಯಿಂದ ಹಿಂದಕ್ಕೆ ಎಣಿಸ್ತಾರೆ. ಗಾವರಾನ್ ಮರಿ 24 ವಾರ ಮುಂಚೆ ಬರಬೇಕು, ಡಿಪಿ ಮರಿ 10 ವಾರ ಮುಂಚೆ ಸಾಕು. ಪಂಚಾಂಗ ಮತ್ತು ತಕ್ಕಡಿ ಎರಡೂ ಒಂದೇ ಮೊಳೆಗೆ ನೇತಾಡುತ್ತವೆ.

ಸರಿ, ನಾನೂ ನೋಟ್‌ಬುಕ್ ತಂದೆ. ಕಾವೇರಿ ಮರಿ 20ರಲ್ಲಿ 3 ಮೊದಲ ವಾರವೇ ಚಳಿಗೆ ಹೋದವು. ಡಬ್ಬದೊಳಗೆ 60 ವಾಟಿನ ಬಲ್ಬ್ ಹಾಕಿದ ಮೇಲೆ ಉಳಿದವು ಗಟ್ಟಿಯಾದವು. ಏಳನೇ ದಿನ ಕಣ್ಣಿಗೆ ಲಸೋಟಾ ಹನಿ ಹಾಕಿಸಿದೆ, ಕೊಕ್ಕರೆ ರೋಗಕ್ಕೆ ಲಸಿಕೆ ಅದು. ಊರಲ್ಲಿ ಕೊಕ್ಕರೆ ರೋಗ ಬಂದು ಒಂದೇ ವಾರದಲ್ಲಿ ಬೀದಿ ಪೂರ್ತಿ ಗೂಡು ಖಾಲಿಯಾಗಿದ್ದು ನೋಡಿದವನು ನಾನು. ಆ ಎರಡು ಹನಿ ನಮ್ಮೂರಲ್ಲಿ ಯಾರೂ ಹಾಕಿಸಿರಲಿಲ್ಲ.

ಮಗನ ಹಟಕ್ಕೆ ಆರು ಕಡಕ್‌ನಾಥ್ ಕೂಡ ಬಂದವು. ಧೋನಿ ರಾಂಚಿಯ ತೋಟಕ್ಕೆ ತರಿಸಿಕೊಂಡ ಕೋಳಿ ಅಂತ ಅವನಿಗೆ ಅದರ ಮೇಲೆ ಭಕ್ತಿ. ಮಧ್ಯಪ್ರದೇಶದ ಝಾಬುವಾದ ಆ ಕಪ್ಪು ಕೋಳಿಗೆ 2018ರಲ್ಲಿ ಜಿಐ, ಅಂದ್ರೆ ಇಂಥ ಊರಿನದೇ ಅನ್ನೋ ಭೌಗೋಳಿಕ ಗುರುತು ಸಿಕ್ಕಿದೆ, ಒಪ್ಪೋಣ. ಆದರೆ ಜಿಐ ಗುರುತು ತೂಕಕ್ಕೆ ಬರಲ್ಲ. 16 ವಾರಕ್ಕೆ ಒಂದೊಂದೂ 900 ಗ್ರಾಂ ಆಸುಪಾಸು. 20 ವಾರಕ್ಕೆ 1.1 ಕೆಜಿ. ಕುಯ್ದರೆ ಮಾಂಸ, ಮೂಳೆ ಎಲ್ಲಾ ಕಪ್ಪು. "ಮಸಿ ಕುಡಿಕೆಗೆ ಮಸಾಲೆ ಹಾಕಿದ ಹಾಗಿದೆ" ಅಂದಳು ನನ್ನ ಹೆಂಡತಿ, ತಟ್ಟೆ ಸರಿಸಿ.

ಕಾವೇರಿ ಹಾಗಲ್ಲ. ಎಂಟು ವಾರಕ್ಕೆ ಸರಾಸರಿ 720 ಗ್ರಾಂ ಬಂತು. ಅದೇ ವಯಸ್ಸಿನ ಕಾಕೂ ಗಾವರಾನ್ 430. ಎಂಟರಿಂದ ಹನ್ನೆರಡನೇ ವಾರದವರೆಗೆ ಕಾವೇರಿ ಹುಂಜ ಬೆಳೆದ ಪರಿ ನೋಡಬೇಕಿತ್ತು, ಭಾನುವಾರದಿಂದ ಭಾನುವಾರಕ್ಕೆ 120 ಗ್ರಾಂಗೆ ಕಮ್ಮಿ ಇಲ್ಲ. 16 ವಾರಕ್ಕೆ ಹುಂಜ 1.7 ಕೆಜಿ, ಯಾಟೆ 1.3. ಅಲ್ಲಿಂದಾಚೆ ಹುಂಜ ತಿಂದಿದ್ದೆಲ್ಲ ಕೂಗೋದಕ್ಕೂ ಜಗಳಕ್ಕೂ ಖರ್ಚು, ಮೈಗೆ ಹತ್ತಲ್ಲ. ಅಮೆರಿಕದಲ್ಲಿ ಹಳೇ ತಳಿ ಉಳಿಸುವ ಒಂದು ಸಂಸ್ಥೆ, ಪಾರಂಪರಿಕ ಕೋಳಿ ಅನ್ನಿಸಿಕೊಳ್ಳಬೇಕಾದರೆ ಮಾಂಸದ ತೂಕಕ್ಕೆ ಬರೋಕೆ 16 ವಾರಕ್ಕಿಂತ ಕಮ್ಮಿ ತಗೊಳ್ಳಬಾರದು ಅಂತ ಕಟ್ಟು ಹಾಕಿದೆಯಂತೆ. ಬ್ರಾಯ್ಲರ್ ಆರು ವಾರಕ್ಕೇ 2 ಕೆಜಿ ದಾಟಿ, ತನ್ನ ಎದೆ ತಾನೇ ಹೊರಲಾರದೆ ಕೂತಿರುತ್ತದಲ್ಲ, ಅದನ್ನ ದೂರ ಇಡೋಕೆ ಈ ಕಟ್ಟು. ಅಮೆರಿಕದವರೂ ವಾರ ಎಣಿಸ್ತಾರೆ. ಎಣಿಸದೆ ಇರೋರು ನಾವು ಮಾತ್ರ.

ಇಲ್ಲಿ ನನ್ನ ಸಿಟ್ಟು ಸ್ವಲ್ಪ ಹೇಳಿಕೊಳ್ತೀನಿ. ಹೋದ ಹೊಸತೊಡಕಿಗೆ ಊರಿಗೆ ಹೋಗಿದ್ದೆ. ಹೆದ್ದಾರಿ ಪಕ್ಕದ ಒಂದು ಅಂಗಡಿಯಲ್ಲಿ "ಅಪ್ಪಟ ನಾಟಿ" ಅಂತ ಹುಂಜ ತಂದೆವು. ಕಾಲು ನೋಡಿದೆ, ನನ್ನ ಹೆಬ್ಬೆರಳಿಗಿಂತ ದಪ್ಪ. ತೂಕ ಮೂರು ಕೆಜಿ ಹತ್ತಿರ. ಉಗುರು ಸವೆದೇ ಇಲ್ಲ, ಅಂದ್ರೆ ಮಣ್ಣು ಕೆದಕಿಲ್ಲ. ಅದು ಗಿರಿರಾಜ. ಗಿರಿರಾಜ ಕೆಟ್ಟದ್ದು ಅಂತ ಹೇಳ್ತಿಲ್ಲ, ಹೆಬ್ಬಾಳದ ಪಶುವೈದ್ಯ ಕಾಲೇಜಿನವರು ರೈತರಿಗೆ ಅಂತ ಮಾಡಿಕೊಟ್ಟ ಒಳ್ಳೇ ಕೋಳಿ. ಆಮೇಲೆ 2005ರಲ್ಲಿ ಸ್ವರ್ಣಧಾರಾ ಕೊಟ್ಟರು. ಅವನ್ನ ಅವುಗಳ ಹೆಸರಲ್ಲೇ ಮಾರೋಕೆ ಏನು ಕಷ್ಟ? ಬಣ್ಣದ ಪುಕ್ಕ ಇದ್ದದ್ದೆಲ್ಲ ನಾಟಿ ಅಂತ ನಾವೇ ಒಪ್ಪಿಕೊಂಡಿದ್ದೀವಿ. ನಮ್ಮ ನಾಡಿಗೂ ಆಂಧ್ರಕ್ಕೂ ಸೇರಿದ್ದು ಅಂತ ಘಾಗಸ್ ಅನ್ನೋ ತಳಿ ರಾಷ್ಟ್ರೀಯ ಪಟ್ಟಿಯಲ್ಲಿದೆ. ನಮ್ಮೂರಲ್ಲಿ ಹತ್ತು ಜನರನ್ನ ಕೇಳಿದೆ, ಒಬ್ಬರಿಗೂ ಗೊತ್ತಿಲ್ಲ. ಮಹಾರಾಷ್ಟ್ರ, ಗುಜರಾತ್ ಎರಡಕ್ಕೂ ಸೇರಿದ ಬುಸ್ರಾ ಬಗ್ಗೆ ಕಾಕೂಗೆ ಗೊತ್ತು.

ಪುಣೆಗೆ ಈ ಲೆಕ್ಕದ ಚಟ ಮೊದಲಿಂದ ಇದೆಯೇನೋ. ಕೋಳಿ ಉದ್ಯಮಿ ಬಿ.ವಿ. ರಾವ್ ಅವರು ಮುಂದೆ ನಿಂತು 1982ರಲ್ಲಿ ಕಟ್ಟಿದ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಗೆ ಇದೇ ಊರು ಮನೆ. ಮೊಟ್ಟೆ ರೇಟು ದಿನಾ ಹೇಳುವ ಊರಲ್ಲಿ ಹೆಂಗಸರು ಕೋಳಿ ತೂಗದೆ ಇರ್ತಾರಾ?

ಒಂದು ವಿಷಯದಲ್ಲಿ ಮಾತ್ರ ನಾನು ಮೊದಲ ದಿನದಿಂದ ಜಗ್ಗಿಲ್ಲ, ಕೋಳಿ ಚರ್ಮದ ವಿಷಯದಲ್ಲಿ. ಗಟಾರಿಗೆ ಎರಡು ದಿನ ಮುಂಚೆ ಒಂದು ಕಾವೇರಿ ಹುಂಜವನ್ನು ಅಂಗಡಿಗೆ ಒಯ್ದೆ. ಆತ ಕುಯ್ದು, ಕಾಲ ಹತ್ತಿರ ಚಾಕು ಎಳೆದು, ಶರ್ಟ್ ಬಿಚ್ಚಿದ ಹಾಗೆ ಪುಕ್ಕದ ಜೊತೆ ಚರ್ಮವನ್ನೂ ಸರ್ರಂತ ಎಳೆದುಬಿಟ್ಟ. ನಾನು "ಅರೇ ಅರೇ" ಅನ್ನೋದರೊಳಗೆ ಅದು ಬಕೆಟ್ಟಿಗೆ ಬಿತ್ತು. 1.7 ಕೆಜಿ ಹುಂಜ, ಕೈಗೆ ಬಂದಿದ್ದು 1.1 ಕೆಜಿ. ಮನೆಗೆ ತಂದು ತೋರಿಸಿದರೆ, "ಚರ್ಮ ಎಲ್ಲಿ?" ಅಂತ ಹೆಂಡತಿ ಕೇಳಿದ ರೀತಿಗೆ ಮುಂದಿನ ಹುಂಜವನ್ನು ನಾನೇ ಕುಯ್ದೆ. ಬಿಸಿನೀರಲ್ಲಿ ಅದ್ದಿ, ಪುಕ್ಕ ಕಿತ್ತು, ಹಿತ್ತಲಲ್ಲಿ ತೆಂಗಿನ ಗರಿ ಹೊತ್ತಿಸಿ ಸುಟ್ಟು, ಅರಿಶಿನ ತಿಕ್ಕಿ, ಮತ್ತೆ ಸುಟ್ಟೆ. ಚರ್ಮ ಬಿಗಿದುಕೊಂಡು ಹಳದಿಗೆ ತಿರುಗಿ ಎಣ್ಣೆ ಬಿಡೋಕೆ ಶುರುವಾಯ್ತು. ಆ ವಾಸನೆಗೆ ಕಾಕೂ ಕಾಂಪೌಂಡಿಗೆ ಬಂದು ನಿಂತರು. ಅಷ್ಟೇ ತೂಕದ ಹುಂಜ, ಪಾತ್ರೆಗೆ ಬಿದ್ದದ್ದು 1.25 ಕೆಜಿ. ಕಾಕೂ ನೋಟ್‌ಬುಕ್ಕಿಗೆ ನಾನು ಬರೆಸಿದ ಮೊದಲ ಅಂಕಿ ಅದು. ಒಂದು ಬಟ್ಟಲು ಸಾರು ಕೊಟ್ಟೆ. ಬಟ್ಟಲು ವಾಪಸ್ ಬಂದಾಗ ಅದರಲ್ಲಿ ಅಂಜೂರ ಇತ್ತು.

ಸಾರು ಚೆನ್ನಾಗಿತ್ತಾ? ಚೆನ್ನಾಗೇ ಇತ್ತು. ಮೂರು ವಿಷಲ್‌ಗೆ ಬೆಂದಿತ್ತು. ನಾನು ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಲೆಕ್ಕ ಹಾಕುವ ಚಟ ಹತ್ತಿಸಿಕೊಂಡ ಮೇಲೆ ಅರ್ಧ ಲೆಕ್ಕ ಹಾಕೋದು ಸರಿಯಲ್ಲ ಅಲ್ವಾ. ನನ್ನ ಕಾವೇರಿ ಒಂದೊಂದೂ 16 ವಾರದಲ್ಲಿ ಸುಮಾರು 6 ಕೆಜಿ ಫೀಡ್ ತಿಂದಿದೆ. ಕೆಜಿಗೆ 38 ರೂಪಾಯಿ, ಅಲ್ಲಿಗೆ 228. ಮರಿ ದುಡ್ಡು 45. ಬಲ್ಬು, ಲಸಿಕೆ, ಜಾಲರಿ ಬೇರೆ. ಅಮ್ಮನ ಕೆಂಪು ಯಾಟೆ ಬೆಳಗ್ಗೆ ಒಂದು ಹಿಡಿ ರಾಗಿ ತಿಂದು ತಿಪ್ಪೆಗೆ ಹೋದರೆ ಸಂಜೆ ಮಂಕರಿ ಮುಚ್ಚೋ ಹೊತ್ತಿಗೆ ವಾಪಸ್. ಅದರ ಫೀಡ್ ಬಿಲ್ ಏನೂ ಇಲ್ಲ. ನಿಧಾನಕ್ಕೆ ಬೆಳೆದರೆ ಯಾರ ಗಂಟು ಹೋಯ್ತು? ವಾರ ಎಣಿಸೋದು ದುಡ್ಡು ಕೊಟ್ಟು ಕಾಳು ತರೋರ ಅವಸರ. ನಮ್ಮಮ್ಮನಿಗೆ ಆ ಅವಸರ ಇರಲಿಲ್ಲ.

ಇನ್ನೂ ಒಂದಿದೆ. ನನ್ನ ಕಾವೇರಿ ಯಾಟೆಗಳು ಮೊಟ್ಟೆ ಚೆನ್ನಾಗಿ ಇಡ್ತವೆ. ಇಟ್ಟು ಎದ್ದು ಹೋಗ್ತವೆ, ತಿರುಗಿ ನೋಡಲ್ಲ. ಒಂದಾದರೂ ಕಾವಿಗೆ ಕೂರಲಿಲ್ಲ. ಒಂದು ಮಧ್ಯಾಹ್ನ ಮುಂಗುಸಿ ಬಂದಾಗ ಮೂಲೆಯಲ್ಲಿ ಗುಂಪಾಗಿ ನಿಂತು ಎರಡನ್ನು ಕೊಟ್ಟವು. ಕೆಂಪು ಯಾಟೆ ಆಗಿದ್ದರೆ ಮರಿಗಳನ್ನು ಬೆನ್ನಿಗೆ ಹಾಕಿಕೊಂಡು ಮುಂಗುಸಿ ಕಣ್ಣಿಗೇ ಹಾರುತ್ತಿತ್ತು. ನಾನು ಅದನ್ನ ನೋಡಿದ್ದೀನಿ, ಎಂಟು ವರ್ಷದವನಿದ್ದಾಗ, ಆ ಮುಂಗುಸಿ ಹುಣಸೇಮರದವರೆಗೂ ಓಡಿತ್ತು. ಈ ವಿಷಯಕ್ಕೆ ಕಾಕೂ ನೋಟ್‌ಬುಕ್ಕಿನಲ್ಲೂ ಕಾಲಂ ಇಲ್ಲ. ರುಚಿ ಮಾತು ಎತ್ತೋದೇ ಇಲ್ಲ, ಎತ್ತಿದರೆ ನಾನು ಸೋಲ್ತೀನಿ. ಒಂದು ವರ್ಷದ ಯಾಟೆ, ಏಳು ವಿಷಲ್, ಕಾಲು ಮೂಳೆ ಕಚ್ಚಿದರೂ ಮುರಿಯದೆ ಒಳಗಿನ ರಸ ಮಾತ್ರ ಬರುತ್ತದಲ್ಲ, ಅದು 16 ವಾರದ ಯಾವ ಕೋಳಿಗೂ ಇಲ್ಲ.

ಕಾಕೂಗೆ ಇದನ್ನೆಲ್ಲ ಹೇಳಿದೆ. ಅವರು ವಾದ ಮಾಡಲಿಲ್ಲ. "ಮೊಟ್ಟೆ ತರಿಸು," ಅಂದರು.

ದೀಪಾವಳಿಗೆ ತಮ್ಮ ಬಂದ. ಅಮ್ಮ ಒಂದು ಬಿಸ್ಕತ್ ಡಬ್ಬಕ್ಕೆ ರಾಗಿ ತುಂಬಿ, ಅದರೊಳಗೆ ಕೆಂಪು ಯಾಟೆಯ 13 ಮೊಟ್ಟೆ ಹೂತು ಕಳಿಸಿದ್ದಳು. ರೈಲಲ್ಲಿ ಅವನು ರಾತ್ರಿಯಿಡೀ ಡಬ್ಬವನ್ನು ತೊಡೆ ಮೇಲೇ ಇಟ್ಟುಕೊಂಡಿದ್ದನಂತೆ. ಕಾಕೂ ತಮ್ಮ ಗಾವರಾನ್ ಕೋಳಿಯ ಕೆಳಗೆ ಕೂರಿಸಿದರು. 21ನೇ ದಿನ ಏಳು, ಮಾರನೇ ಬೆಳಗ್ಗೆ ಇನ್ನೊಂದು. ಐದು ಮೊಟ್ಟೆ ಒಡೆಯಲೇ ಇಲ್ಲ, ನಷ್ಟ ಅಂತ ಕಾಕೂ ಅದನ್ನೂ ಬರೆದುಕೊಂಡರು. ಅಮ್ಮನಿಗೆ ಫೋನ್ ಮಾಡಿ ಹೇಳಿದರೆ, "ರಾಗಿ ಬಿಸಾಕಿಬಿಟ್ಟೀಯಾ, ಮರಿಗೆ ಹಾಕು" ಅಂದಳು.

ಈಗ ಅವಕ್ಕೆ ಹಳದಿ ಬ್ಯಾಂಡ್. ನೋಟ್‌ಬುಕ್ಕಿನ ಜಾತಿ ಕಾಲಂನಲ್ಲಿ ಕಾಕೂ "ಮದ್ದೂರ್" ಅಂತ ಬರೆದಿದ್ದಾರೆ. ಮೊದಲ ಭಾನುವಾರ, ಸರಾಸರಿ 46 ಗ್ರಾಂ.