ಕಲ್ಲಾದ ಎಣ್ಣೆ

ತಲೆಗೆ ಹಾಕೋಣ ಎಂದು ಎಣ್ಣೆ ಬಾಟ್ಲಿಯನ್ನು ಬೋರಲು ಹಿಡಿದೆ. ಒಂದು ಹನಿ ಬೀಳಲಿಲ್ಲ. ಕುಲುಕಿದೆ, ತಟ್ಟಿದೆ. ಊಹೂಂ. ಒಳಗೆ ಬೆಳ್ಳಗೆ, ಮೇಣದ ಹಾಗೆ ಕೂತಿತ್ತು. ಸುಮಾರು 24 ಡಿಗ್ರಿಯಿಂದ ಕೆಳಗೆ ಹೋದರೆ ತೆಂಗಿನೆಣ್ಣೆ ಹೆಪ್ಪುಗಟ್ಟುತ್ತದೆ. ನಮ್ಮ ಕಾಸರಗೋಡಿನಲ್ಲಿ ಡಿಸೆಂಬರಿನ ಬೆಳಗ್ಗೆ ಸ್ವಲ್ಪ ಮಸುಕಾಗುವುದುಂಟು, ಅಷ್ಟೆ. ಹೀಗೆ ಕಲ್ಲಾದದ್ದನ್ನು ನಾನು ಕಂಡದ್ದು ಊಟಿಯಲ್ಲೇ.

ಅದು ವರ್ಗವಾಗಿ ಬಂದ ಮೊದಲ ಬೆಳಗ್ಗೆ. ನನ್ನ ಆಸ್ತಿ ಅಂತ ಇದ್ದದ್ದು ಈ ಬಾಟ್ಲಿ, ಒಂದು ಬಾಳೆಕಾಯಿ ಚಿಪ್ಸ್ ಪ್ಯಾಕೆಟು, ಮೊಬೈಲು. ದೊಡ್ಡ ಬ್ಯಾಗು ರೈಲಿನಲ್ಲೇ ಅದಲು ಬದಲಾಗಿತ್ತು. ಕೊಯಮತ್ತೂರಿನಲ್ಲಿ ಇಳಿಯುವಾಗ ಸೀಟಿನಡಿ ಇದ್ದದ್ದು ಅಂಥದೇ ಕಪ್ಪು ಬ್ಯಾಗು, ಆದರೆ ಬೇರೆ ಯಾರದ್ದೋ. ಅದನ್ನು ಸ್ಟೇಷನ್ನಿಗೆ ಒಪ್ಪಿಸಿ, ಮೇಟ್ಟುಪಾಳ್ಯಂ ಮುಟ್ಟುವಾಗ ಪುಟಾಣಿ ರೈಲು ಹೋಗಿಯಾಗಿತ್ತು. 1908ರಿಂದ ಊಟಿಗೆ ಹತ್ತುತ್ತಿರುವ ರೈಲು ನನಗೋಸ್ಕರ ಕಾಯುತ್ತದಾ? ಬಸ್ಸು ಹತ್ತಿದೆ. ಕೂನೂರಿನ ತಿರುವುಗಳನ್ನು ಎಣಿಸಲು ಹೊರಟವನು ಆರಕ್ಕೆ ಕಣ್ಣು ಮುಚ್ಚಿದೆ. ಮುಂದಿನದ್ದು ಬೇಡ. ಪಕ್ಕದವರು ಲಿಂಬೆಹಣ್ಣು ಕೊಟ್ಟರು ಎಂದರೆ ಸಾಕಲ್ಲ.

ರಾತ್ರಿ ಹೆಂಡತಿ ಫೋನಿನಲ್ಲಿ, "ಎಣ್ಣೆ ಉಂಟಲ್ಲ, ಮತ್ತೆ ಎಂತ ಬೇಕು ನಿಮಗೆ?" ಎಂದಿದ್ದಳು. ಆ ಎಣ್ಣೆಯ ಕಥೆ ಹೀಗಾಯಿತು. ಚಿಪ್ಸ್ ಪ್ಯಾಕೆಟು ಇದಕ್ಕೆ ತದ್ವಿರುದ್ಧ. ಬಲೂನಿನ ಹಾಗೆ ಉಬ್ಬಿ, ಈಗ ಒಡೆಯುತ್ತೇನೆ, ಆಗ ಒಡೆಯುತ್ತೇನೆ ಎನ್ನುತ್ತಿತ್ತು. ಸಮುದ್ರದ ಬದಿಯಲ್ಲಿ ಗಾಳಿ ತುಂಬಿ ಮುಚ್ಚಿದ್ದು. ಇಲ್ಲಿ, 2,240 ಮೀಟರ್ ಎತ್ತರದಲ್ಲಿ, ಹೊರಗಿನ ಗಾಳಿಗೆ ಅದನ್ನು ಒತ್ತಿ ಹಿಡಿಯುವಷ್ಟು ಬಲ ಇಲ್ಲ. ನಾನಂತೂ ಎಣ್ಣೆಯ ಪಕ್ಷ. ಕಂಬಳಿಯೊಳಗೆ ಗಟ್ಟಿಯಾಗಿದ್ದೆ.

ಮನೆ ಯಜಮಾನಿ ಬಡಗರ ಅಜ್ಜಿ. ಯಕ್ಷಗಾನದ ತೆಂಕುತಿಟ್ಟಿನ ಊರಿನವ ನಾನು, ಇನ್ನೂ ತೆಂಕಕ್ಕೆ ಬಂದು ಬಡಗರ ಮನೆ ಸೇರಿದ್ದೆ! ಬಡಗ ಎಂದರೆ ಬಡಗಣ ದಿಕ್ಕಿನವರು, ಮೈಸೂರು ಕಡೆಯಿಂದ ಗುಡ್ಡ ಹತ್ತಿದವರು ಎನ್ನುತ್ತಾರೆ. ಹಿಂದಿನ ದಿನವೆಲ್ಲ ಹರಕು ತಮಿಳಿನಲ್ಲಿ ಪಾಲು, ಪತ್ತು ಎಂದು ಒದ್ದಾಡಿದ್ದ ನನಗೆ ಅಜ್ಜಿಯ ಬಾಯಲ್ಲಿ ಹಾಲು, ಹತ್ತು ಕೇಳಿ ಜೀವ ಬಂದ ಹಾಗಾಯಿತು. ಉಳಿದ ಮಾತು ಅರ್ಧ ತಲೆಯ ಮೇಲಿಂದ ಹೋಯಿತು. ತಿಳಿದ ಅರ್ಧ ಇಷ್ಟು: ಬಾಟ್ಲಿಯನ್ನು ಒಲೆ ಹತ್ತಿರ ಇಡು, ನೀನೂ ಅಲ್ಲೇ ಕೂತುಕೋ.

ಕೂತೆ. ಇಬ್ಬರೂ ಒಟ್ಟಿಗೇ ಕರಗಿದೆವು. ಅಜ್ಜಿ ಮಗನ ಹಳೇ ಸ್ವೆಟರ್ ಕೊಟ್ಟರು. ನುಸಿಗುಳಿಗೆಯ ವಾಸನೆ, ಮೊಣಕೈಯಲ್ಲಿ ತೂತು. ಅದನ್ನೇ ಹಾಕಿಕೊಂಡು ಹಲ್ಲುಜ್ಜುವ ಬ್ರಶ್ಶು, ಟವೆಲು ಹುಡುಕುತ್ತಾ ಪೇಟೆ ಅಲೆದೆ. ಊಟಿಗೆ ಬಂದವರೆಲ್ಲ ಮೊದಲು ಕೆರೆ ನೋಡುತ್ತಾರೆ, ಬೊಟಾನಿಕಲ್ ಗಾರ್ಡನ್ನಿಗೆ ಹೋಗುತ್ತಾರೆ. ನಾನು ಮೊದಲು ನೋಡಿದ್ದು ಬನಿಯನ್ ಅಂಗಡಿ. ದಾರಿಯಲ್ಲಿ ಪ್ರವಾಸಿಯೊಬ್ಬರು ನನ್ನನ್ನೇ ನಿಲ್ಲಿಸಿ ಕೆರೆಗೆ ದಾರಿ ಕೇಳಿದರು. ಸ್ವೆಟರಿನ ತೂತು ನೋಡಿ ಇಲ್ಲಿಯವನೇ ಅಂದುಕೊಂಡಿರಬೇಕು. ಗೊತ್ತಿಲ್ಲ ಎನ್ನಲು ಮನಸ್ಸಾಗದೆ, ಸುಮ್ನೆ ಇಳಿಜಾರಿನ ಕಡೆ ಕೈ ತೋರಿಸಿದೆ. ನೀರು ತಗ್ಗಿನಲ್ಲೇ ಇರುತ್ತದೆ, ಅಲ್ವಾ?

ನಾಲ್ಕನೇ ದಿನ ಬ್ಯಾಗು ಪಾರ್ಸೆಲ್ಲಿನಲ್ಲಿ ಬಂತು. ಒಯ್ದ ಪುಣ್ಯಾತ್ಮರು ಮೇಲಿದ್ದ ಚೀಟಿಯ ನಂಬರಿಗೆ ಫೋನ್ ಮಾಡಿದ್ದರು. ಅಜ್ಜಿಯ ಎದುರೇ ಬಿಚ್ಚಿದೆ. ಅರ್ಧ ತೋಳಿನ ಹತ್ತಿ ಅಂಗಿ ನಾಲ್ಕು, ತೆಳು ಲುಂಗಿ ಮೂರು, ಒಂದು ಬೀಸಣಿಗೆ, ಒಂದು ಡಬ್ಬಿ ಪೌಡರು.

ಅಜ್ಜಿ ಡಬ್ಬಿ ಎತ್ತಿ, ಏನಿದು ಎಂದು ಕೇಳಿದರು.

"ಬೆವರುಸಾಲೆಗೆ" ಎಂದೆ.

ಬೆವರುಸಾಲೆ ಅಂದರೆ ಏನು ಎಂದು ಕೇಳಿದರು.